ವಿಜಯಪುರದ ಬಿಸಿಲಲ್ಲಿ 4ನೇ ಜನರೇಶನ್ ಪಿಸಿಗೆ ಮರುಜೀವ: ನನ್ನ ಅನುಭವ

ಈಗ ನನ್ನ ಪಿಸಿಯಲ್ಲಿ ಕೌಂಟರ್-ಸ್ಟ್ರೈಕ್ 2 ಗೇಮ್ ಸರಾಸರಿ 120 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್) ಆಸುಪಾಸು ಓಡುತ್ತಿದೆ. ಮದರ್‌ಬೋರ್ಡು ಇಂಟೆಲ್ 4ನೇ ಜನರೇಶನ್‌ನ ಬಿ85, ರ್ಯಾಮು ಹಳೇ ಡಿಡಿಆರ್3. ಹೌದು, 2013ರ ಕೊನೆಗೆ ಕೊಂಡ ಅದೇ ಬೋರ್ಡು. ಗಾಂಧಿ ಚೌಕದ ಸುತ್ತಮುತ್ತ ಕೇಳಿದ ಕಡೆಯಲ್ಲೆಲ್ಲ "ಇದ್ರಾಗ ಏನೂ ಉಳಿದಿಲ್ರಿ ಸರ, ಹೊಸಾದು ತಗೋರಿ" ಅಂದಿದ್ದರು. ಒಬ್ಬರು 60 ಸಾವಿರ ಚಿಲ್ಲರೆಯ ಕೊಟೇಶನ್ನೂ ಬರೆದು ಕೊಟ್ಟರು. ನನಗೆ ಖರ್ಚಾದದ್ದು ಅದರ ಮೂರನೇ ಒಂದು ಭಾಗ. ಹೇಗೆ ಮಾಡಿದೆ ಅಂತ ಬಹಳ ಜನ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಇದ್ದದ್ದು ಐ5-4570 ಪ್ರೊಸೆಸರ್, 8 ಜಿಬಿ ರ್ಯಾಮಿನ ಒಂದೇ ಸ್ಟಿಕ್, ಜಿಟಿಎಕ್ಸ್ 750 ಟಿಐ ಗ್ರಾಫಿಕ್ಸ್ ಕಾರ್ಡು. ಎಸ್‌ಎಸ್‌ಡಿ ಹಿಂದೆಯೇ ಹಾಕಿದ್ದೆ, ಆ ಮಾತು ಬೇಡ. ಗೇಮ್ ನಡುನಡುವೆ ಜರ್ಕ್ ಹೊಡೆದು ನಿಂತು ನಿಂತು ಓಡುತ್ತಿತ್ತು, ಎಲ್ಲರಿಗೂ ಕಾರ್ಡಿನ ಮೇಲೇ ಸಂಶಯ. ಗೆಳೆಯನ ಜಿಟಿಎಕ್ಸ್ 1650 ಒಂದು ವಾರಕ್ಕೆ ತಂದು ಹಾಕಿ ನೋಡಿದೆ. ಸರಾಸರಿ ಏರಿತು, ಜರ್ಕ್ ಮಾತ್ರ ಹಾಗೇ ಇತ್ತು. ಗೇಮಿನಲ್ಲಿ ಸ್ಮೋಕ್ (ಹೊಗೆ ಬಾಂಬ್) ಬಿದ್ದು ನಾಲ್ಕು ಜನ ಒಟ್ಟಿಗೆ ನುಗ್ಗಿದರೆ ಸಾಕು, 25 ಎಫ್‌ಪಿಎಸ್‌ಗೆ ಇಳಿಯುತ್ತಿತ್ತು. ಯಾವ ಭಾಗಕ್ಕೆ ಎಷ್ಟು ಲೋಡ್ ಅಂತ ತೋರಿಸುವ ಆಫ್ಟರ್‌ಬರ್ನರ್ ತೆರೆದು ನೋಡಿದರೆ ಪ್ರೊಸೆಸರಿನ ನಾಲ್ಕೂ ಥ್ರೆಡ್ (ಒಟ್ಟಿಗೆ ಕೆಲಸ ಮಾಡುವ ಎಳೆಗಳು) ಶೇ. 100ಕ್ಕೆ ಅಂಟಿವೆ, ಕಾರ್ಡು ಶೇ. 60ರಲ್ಲಿ ಆರಾಮಾಗಿ ಕೂತಿದೆ. ಅಲ್ಲಿಗೆ ಲೆಕ್ಕ ಸ್ಪಷ್ಟವಾಯಿತು. ಕಾರ್ಡಿಗಿಂತ ಮೊದಲು ಪ್ರೊಸೆಸರ್ ಮತ್ತು ರ್ಯಾಮಿಗೆ ದುಡ್ಡು ಹಾಕಬೇಕು.

4ನೇ ಜನರೇಶನ್‌ಗೆ ಖರ್ಚು ಮಾಡಲು ನನಗೆ ಧೈರ್ಯ ಬಂದದ್ದು ಅದರಲ್ಲಿ ಎವಿಎಕ್ಸ್2 ಅನ್ನುವ ಪ್ರೊಸೆಸರ್ ಸೌಲಭ್ಯ ಇರುವುದರಿಂದ. ಈಚಿನ ಕೆಲವು ಗೇಮ್‌ಗಳು ಅದಿಲ್ಲದೆ ತೆರೆಯುವುದೇ ಇಲ್ಲ. ನಿಮ್ಮದು 2ನೇ ಅಥವಾ 3ನೇ ಜನರೇಶನ್ ಆಗಿದ್ದರೆ ಸುಮ್ನೆ ಬಿಟ್ಟುಬಿಡಿ, ಆ ಬೋರ್ಡಿನ ಮೇಲೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಐ7-4790 ಪ್ರೊಸೆಸರ್ ಹುಡುಕಿದೆ. ಹಳೇದಕ್ಕೂ ನಾಲ್ಕೂವರೆ ಸಾವಿರ ಕೇಳಿದರು. ಅದರ ಬದಲು ಇಂಟೆಲ್‌ನದೇ ಸರ್ವರ್ ಪ್ರೊಸೆಸರ್ ಝಿಯಾನ್ ಇ3-1231 ವಿ3 ತಗೊಂಡೆ. ಅದೇ ನಾಲ್ಕು ಕೋರ್, ಎಂಟು ಥ್ರೆಡ್, 8 ಎಂಬಿ ಕ್ಯಾಶ್, 3.8 ಗಿಗಾಹರ್ಟ್ಸ್‌ವರೆಗೆ ಏರುತ್ತದೆ. ಒಳಗೆ ಗ್ರಾಫಿಕ್ಸ್ ಇಲ್ಲ ಅನ್ನುವುದೇ ಮುಖ್ಯ ಕೊರತೆ. ನನಗೆ ಸುಮಾರು 2,800ಕ್ಕೆ ಸಿಕ್ಕಿತು, ಬೆಂಗಳೂರಿನಿಂದ ಬಂತು. ಯಾರ ಹತ್ತಿರ ಅಂತ ಹೇಳುವುದಿಲ್ಲ. ಅವರ ಬಳಿ ಇರುವುದೇ ಬೆರಳೆಣಿಕೆಯಷ್ಟು, ನನ್ನ ಕೆಲಸ ಇನ್ನೂ ಮುಗಿದಿಲ್ಲ.

ಕೂರಿಸಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪು. ಬೀಪ್ ಸಹಿತ ಇಲ್ಲ. "ನಾ ಹೇಳ್ಲಿಲ್ಲೇನು, ಅದು ಸರ್ವರಿಂದು, ಇದಕ್ಕ ಕೂಡೂದಿಲ್ಲ" ಅಂತ ಗೆಳೆಯ ಫೋನಿನಲ್ಲೇ ನಕ್ಕ. ಕೂಡುತ್ತದೆ. ವಿಷಯ ಇಷ್ಟೇ: ಬೋರ್ಡು 2013ರದು, ಈ ಚಿಪ್ಪು 2014ರಲ್ಲಿ ಬಂದ ರಿಫ್ರೆಶ್, ಅಂದರೆ ಅದೇ ಜನರೇಶನ್‌ನ ತುಸು ಸುಧಾರಿಸಿದ ಆವೃತ್ತಿ. ಬೋರ್ಡಿನ ಹಳೇ ಬಯೋಸ್‌ಗೆ (ಪಿಸಿ ಶುರು ಮಾಡುವ ಒಳಗಿನ ಸಾಫ್ಟ್‌ವೇರ್) ಇದರ ಗುರುತೇ ಇಲ್ಲ. ಐ5 ಮತ್ತೆ ಹಾಕಿ, ಬೋರ್ಡ್ ಕಂಪನಿಯ ಕೊನೆಯ ಬಯೋಸನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬೆಳಗಿನ ಐದಕ್ಕೆ ಕೂತೆ. ಆ ಹೊತ್ತಿಗೆ ನಮ್ಮ ಏರಿಯಾದಲ್ಲಿ ಕರೆಂಟ್ ನಿಲ್ಲುವುದು ಕಡಿಮೆ. ಯುಪಿಎಸ್ ಇತ್ತು, ಆದರೂ ಆ ಪಟ್ಟಿ 100 ಮುಟ್ಟುವ ತನಕ ಉಸಿರು ಬಿಡಲಿಲ್ಲ. ಝಿಯಾನ್ ಮತ್ತೆ ಹಾಕಿದಾಗ ಮೊದಲ ಸಲಕ್ಕೇ ಪರದೆ ಬಂತು. ನಿಮ್ಮ ಬೋರ್ಡಿನ ಜೊತೆ 4460 ಅಥವಾ 4590 ಬಂದಿದ್ದರೆ ಈ ತಾಪತ್ರಯ ಬರಲಿಕ್ಕಿಲ್ಲ, ಅವೂ ರಿಫ್ರೆಶ್ ಚಿಪ್ಪುಗಳೇ. ಹಳೇ ಪ್ರೊಸೆಸರ್ ಮಾರಬೇಡಿ. ಅದರೊಳಗೆ ಗ್ರಾಫಿಕ್ಸ್ ಇದೆ, ಕಾರ್ಡು ಕೆಟ್ಟ ದಿನ ಪರದೆ ಕಾಣಲು ಅದೇ ಬೇಕು.

ರ್ಯಾಮಿನದು ಬೇಗ ಮುಗಿಯಿತು. ಇದ್ದ 8ಕ್ಕೆ ಅದೇ 1600 ಸ್ಪೀಡಿನ ಇನ್ನೊಂದು 8 ಸೇರಿಸಿ ಡ್ಯುಯಲ್ ಚಾನೆಲ್ (ಎರಡೂ ಸ್ಟಿಕ್ ಒಟ್ಟಿಗೆ ದುಡಿಯುವಂತೆ) ಮಾಡಿದೆ. ಹಳೇ ಸ್ಟಿಕ್ಕು, ಎಂಟುನೂರು ರೂಪಾಯಿ. ಒಂದು ರೂಪಾಯಿಗೆ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ.

ಜಾಸ್ತಿ ಗೋಳು ಕೊಟ್ಟದ್ದು ಕಾರ್ಡು. ಮೊದಲು ಆನ್‌ಲೈನ್‌ನಲ್ಲಿ ಒಬ್ಬರಿಂದ ಆರ್‌ಎಕ್ಸ್ 580 8 ಜಿಬಿ ತರಿಸಿದೆ, ಸುಮಾರು 6,500. ಹತ್ತು ನಿಮಿಷ ಚೆನ್ನಾಗಿ ಓಡಿತು, ಆಮೇಲೆ ಪರದೆ ತುಂಬ ಹಸಿರು ಚುಕ್ಕಿ. ಬಿಚ್ಚಿದರೆ ಚಿಪ್ಪಿನ ಕಾವು ಹೊರಗೆಳೆಯುವ ಥರ್ಮಲ್ ಪ್ಯಾಡೆಲ್ಲ ಎಣ್ಣೆ ಬಿಟ್ಟು ಪುಡಿಪುಡಿ ಆಗಿದ್ದವು. ಕ್ರಿಪ್ಟೋ ನಾಣ್ಯದ ಮೈನಿಂಗ್‌ನಲ್ಲಿ ದುಡಿದ ಕಾರ್ಡು. ಅದರ ಬಯೋಸನ್ನೂ ಮೈನಿಂಗ್‌ಗೆ ಬದಲಿಸಿದ್ದರು. ಮೂಲ ಬಯೋಸ್ ಹಾಕಿದೆ, ಪ್ಯಾಡ್ ಬದಲಿಸಿದೆ, ಪೇಸ್ಟ್ ಹಚ್ಚಿದೆ. ಹತ್ತು ನಿಮಿಷದ ಜಾಗದಲ್ಲಿ ಅರ್ಧ ಗಂಟೆ ಬಾಳಿತು, ಅಷ್ಟೇ. ಮೆಮರಿ ಚಿಪ್ಪೇ ಹೋಗಿತ್ತು. ಜಗಳಾಡಿ ವಾಪಸ್ ಕಳಿಸಿದೆ. ಪ್ಯಾಡು, ಕೊರಿಯರ್, ಅವರು ಮುರಿದುಕೊಂಡದ್ದು ಎಲ್ಲ ಸೇರಿ ಎರಡು ಸಾವಿರದ ಹತ್ತಿರ ಹೋಯಿತು.

ಆಮೇಲೆ ಸೋಲಾಪುರದ ಒಬ್ಬ ಹುಡುಗನ ಜಿಟಿಎಕ್ಸ್ 1660 ಸೂಪರ್, 8,500ಕ್ಕೆ. ನೂರು ಕಿಲೋಮೀಟರ್ ದಾರಿ, ನಾನೇ ಹೋದೆ. ಅವನ ಮನೆಯಲ್ಲೇ ಅವನ ಪಿಸಿಯಲ್ಲೇ ಅರ್ಧ ಗಂಟೆ ಪೂರ್ತಿ ಲೋಡ್ ಕೊಟ್ಟು, ಕಾರ್ಡು ಕಾದ ಮೇಲೆ ಗೇಮ್ ತೆರೆದು ನೋಡಿ ದುಡ್ಡು ಎಣಿಸಿದೆ. ಹಳೇ ಕಾರ್ಡನ್ನು ತಣ್ಣಗಿರುವಾಗ ನೋಡಿ ಕೊಳ್ಳಬೇಡಿ. ಚುಕ್ಕಿ ಬರುವುದೇ ಕಾದ ಮೇಲೆ.

ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಬಗ್ಗೆ ಒಂದು ಮಾತು. ಕ್ಯಾಬಿನೆಟ್ ಜೊತೆ ಬಂದಿದ್ದರ ಮೇಲೆ 500 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು. ಕೆಳಗಿನ ಸಣ್ಣ ಪಟ್ಟಿ ಓದಿದರೆ 12 ವೋಲ್ಟಿಗೆ 14 ಆಂಪಿಯರ್. ಗುಣಿಸಿ ನೋಡಿ, 168 ವ್ಯಾಟ್. ಈ ಕಾರ್ಡಿಗೇ 125 ಬೇಕು, ಪ್ರೊಸೆಸರಿಗೆ 80. ಬ್ರಾಂಜ್ ದರ್ಜೆಯ 450 ವ್ಯಾಟಿನದು ಹೊಸದೇ ತಂದೆ, ಮೂರು ಸಾವಿರ. ಇದೊಂದನ್ನು ಮಾತ್ರ ಹಳೇದು ಕೊಳ್ಳಲಿಲ್ಲ. 100ರಿಂದ 240 ವೋಲ್ಟ್‌ವರೆಗೆ ತಗೊಳ್ಳುವಂಥದ್ದನ್ನೇ ಆರಿಸಿದೆ. ಬೇಸಿಗೆಯ ಸಂಜೆ ನಮ್ಮಲ್ಲಿ ವೋಲ್ಟೇಜು 185ಕ್ಕೆ ಬರುತ್ತದೆ. ಹಳೇದು ಇದ್ದಾಗ ಫ್ರಿಜ್ ಶುರುವಾದರೆ ಸಾಕು ಪಿಸಿ ರೀಸ್ಟಾರ್ಟ್ ಆಗುತ್ತಿತ್ತು. ಈಗ ಆ ಸುದ್ದಿಯೇ ಇಲ್ಲ.

ಇನ್ನು ನಮ್ಮೂರಿನ ನಿಜವಾದ ವೈರಿ, ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ. ನನ್ನ ಕೋಣೆ ಮಾಳಿಗೆಯ ಮೇಲೆ, ಸ್ಲ್ಯಾಬ್ ರಾತ್ರಿ ಹನ್ನೊಂದಕ್ಕೂ ಕಾದ ಹಂಚಿನ ಹಾಗೆ ಇರುತ್ತದೆ. ಯೂಟ್ಯೂಬ್‌ನವರು ಎಸಿ ಕೋಣೆಯಲ್ಲಿ ಕೂತು ಹೇಳುವ ಅಂಕಿ ಇಲ್ಲಿ ನಡೆಯುವುದಿಲ್ಲ. ಜೊತೆಗೆ ಬಂದ ಕೂಲರಿನಲ್ಲಿ ಝಿಯಾನ್ 95ರ ಹತ್ತಿರ ಹೋಗಿ ಸ್ಪೀಡ್ ಇಳಿಸುತ್ತಿತ್ತು. ಒಂದೂವರೆ ಸಾವಿರದ ಟವರ್ ಕೂಲರ್ ತಂದೆ. ಆದರೂ ಕ್ಯಾಬಿನೆಟ್ಟಿಗೆ ಗಾಳಿಯೇ ಬರದಿದ್ದರೆ ಟವರ್ ಏನು ಮಾಡೀತು?

ಪಕ್ಕದ ಪ್ಯಾನೆಲ್ ಹಿಡಿದುಕೊಂಡು ವೆಲ್ಡಿಂಗ್ ಅಂಗಡಿಗೆ ಹೋದೆ. ಕಾರ್ಡಿನ ಫ್ಯಾನಿಗೆ ಸರಿಯಾಗಿ ಎದುರು ಬರುವ ಹಾಗೆ ಸ್ಕೆಚ್‌ಪೆನ್ನಿನಲ್ಲಿ ದುಂಡಗೆ ಗೆರೆ ಎಳೆದಿದ್ದೆ. "ಇಷ್ಟ ದೊಡ್ಡ ತೂತ ಯಾಕ್ರಿ ಬೇಕು ಕಂಪ್ಯೂಟರಿಗೆ?" ಅಂತ ಕೇಳುತ್ತಲೇ ಕಾಕಾ ಕೊರೆದು, ಅಂಚು ಅರದಿಂದ ಉಜ್ಜಿ ಕೊಟ್ಟರು. ನೂರೈವತ್ತು ರೂಪಾಯಿ. ಅಲ್ಲಿ 120 ಎಂಎಂ ಫ್ಯಾನು ಒಳಗೆ ಊದುವಂತೆ ಕೂರಿಸಿ, ಹೊರಗಿನಿಂದ ಸೊಳ್ಳೆ ಜಾಳಿಗೆ ಕತ್ತರಿಸಿ ಅಂಟಿಸಿದೆ. ಎರಿಮಣ್ಣಿನ ಧೂಳು ಗೊತ್ತಲ್ವಾ, ಹದಿನೈದು ದಿನಕ್ಕೆ ಜಾಳಿಗೆ ಬೂದುಬಣ್ಣ ಆಗುತ್ತದೆ. ಬಿಚ್ಚಿ ಕೊಡವಿ ಹಾಕಿದರೆ ಆಯಿತು. ಕಾರ್ಡು 83ರಿಂದ 74ಕ್ಕೆ ಇಳಿಯಿತು. ಆಮೇಲೆ ಅಂಡರ್‌ವೋಲ್ಟ್ ಮಾಡಿದೆ, ಅಂದರೆ ಕಾರ್ಡಿಗೆ ಹೋಗುವ ವೋಲ್ಟೇಜ್ ಇಳಿಸಿದೆ, ಇನ್ನೂ ಐದಾರು ಡಿಗ್ರಿ ಕಡಿಮೆ. ವೋಲ್ಟೇಜ್ ಎಷ್ಟಕ್ಕೆ ನಿಲ್ಲಿಸಿದೆ ಎಂಬುದು ನನ್ನ ಹತ್ತಿರವೇ ಇರಲಿ, ರಾತ್ರಿಗಟ್ಟಲೆ ಕೂತು ಹುಡುಕಿದ್ದು. ನಿಮ್ಮ ಕಾರ್ಡಿಗೆ ಅದು ಬೇರೆಯೇ ಇರುತ್ತದೆ.

ನಡುವೆ ಇನ್ನೊಂದು ಪ್ರಯೋಗ. ನೀರಿನ ಕೂಲರಿನ ಮುಂದೆಯೇ ಕ್ಯಾಬಿನೆಟ್ ಇಟ್ಟೆ. ನಮ್ಮದು ಒಣ ಹವೆ, ಆ ಕೂಲರು ಇಲ್ಲಿ ಭಾರಿ ಕೆಲಸ ಮಾಡುತ್ತದೆ. ತಾಪಮಾನ ಒಮ್ಮೆಲೇ ಏಳೆಂಟು ಡಿಗ್ರಿ ಬಿತ್ತು, ಖುಷಿಯೋ ಖುಷಿ. ಕೆಲವು ದಿನದ ಮೇಲೆ ಟಾರ್ಚ್ ಹಾಕಿ ನೋಡಿದರೆ ಫ್ಯಾನಿನ ರೆಕ್ಕೆಯ ಅಂಚಿಗೆ ಬೆಳ್ಳಗೆ ಸುಣ್ಣದ ಚುಕ್ಕಿ. ಬೋರ್‌ವೆಲ್ ನೀರಿನ ಹನಿ ಗಾಳಿಯ ಜೊತೆ ಹಾರಿ ಬಂದು ಒಣಗಿತ್ತು. ಅದೇ ಹನಿ ಬೋರ್ಡಿನ ಮೇಲೂ ಬೀಳುತ್ತದೆ ಅಲ್ವಾ? ಅವತ್ತೇ ಜಾಗ ಬದಲಿಸಿದೆ. ಕೂಲರು ಕಿಟಕಿಗೆ, ಪಿಸಿ ಅದರ ಎದುರು ಗೋಡೆಗೆ.

ಸ್ಪೆಕ್ಟರ್, ಮೆಲ್ಟ್‌ಡೌನ್ ಅನ್ನುವ ಪ್ರೊಸೆಸರ್ ಭದ್ರತಾ ದೋಷಗಳಿಗೆ ಹಾಕಿದ ತಡೆಗಳನ್ನು ಆಫ್ ಮಾಡಿದರೆ ಹಳೇ ಚಿಪ್ಪಿಗೆ ವೇಗ ಬರುತ್ತದೆ ಅಂತ ಓದಿ ಅದನ್ನೂ ನೋಡಿದೆ. ನಾಲ್ಕೈದು ಫ್ರೇಮ್ ಸಿಕ್ಕಿತು. ಇದೇ ಪಿಸಿಯಲ್ಲಿ ಮನೆಯವರ ಬ್ಯಾಂಕ್ ಕೆಲಸವೂ ನಡೆಯುತ್ತದೆ, ಆದ್ದರಿಂದ ತಡೆಗಳನ್ನು ಮತ್ತೆ ಹಾಕಿದೆ. ನಾಲ್ಕು ಫ್ರೇಮಿಗೆ ಅಷ್ಟು ರಿಸ್ಕ್ ಬೇಡ.

ಫಲಿತಾಂಶ ನೆನಪಿನಿಂದ ಹೇಳುತ್ತೇನೆ. ಕೌಂಟರ್-ಸ್ಟ್ರೈಕ್ 2 1080ಪಿಯಲ್ಲಿ, ಸೆಟ್ಟಿಂಗ್ ಕೆಳಗಿಟ್ಟು, ಸರಾಸರಿ 120. ಮುಖ್ಯ ಏನೆಂದರೆ ಸ್ಮೋಕಿನಲ್ಲೂ 60ರ ಕೆಳಗೆ ಇಳಿಯುವುದು ಅಪರೂಪ. ಜಿಟಿಎ 5 ಹೈ ಸೆಟ್ಟಿಂಗ್‌ನಲ್ಲಿ, ನನ್ನ ಮಾನಿಟರ್ 75 ಹರ್ಟ್ಸ್, ಅಲ್ಲಿಗೇ ಕ್ಯಾಪ್ ಹಾಕಿದ್ದೇನೆ, ಅಲ್ಲಾಡುವುದಿಲ್ಲ. ರೆಡ್ ಡೆಡ್ 2 ಮೀಡಿಯಂನಲ್ಲಿ 50ರ ಮೇಲೆ. ಆರ್‌ಎಕ್ಸ್ 580ಯಲ್ಲಿ ಹೋದದ್ದೂ ಸೇರಿ ಖರ್ಚು 20 ಸಾವಿರದ ಒಳಗೆ, 750 ಟಿಐ ಮಾರಿ ಬಂದದ್ದನ್ನು ಕಳೆದರೆ 17ರ ಹತ್ತಿರ.

ವಿಂಡೋಸ್ 11ರ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ, ಇಂಟೆಲ್‌ನಲ್ಲಿ ಬಹುತೇಕ 8ನೇ ಜನರೇಶನ್‌ನಿಂದ ಮೇಲಿನವೇ ಇವೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬ್ಯಾಂಕ್ ಕೆಲಸಕ್ಕೆ ಲಿನಕ್ಸ್ ಹಾಕಿ ಬೇರೆ ಎಸ್‌ಎಸ್‌ಡಿಯಲ್ಲಿ ಇಡುವ ತಯಾರಿ ನಡೆದಿದೆ.

ನಕ್ಕ ಗೆಳೆಯನೇ ಈಗ ತನ್ನ ಎಚ್81 ಬೋರ್ಡು ತಂದು ಟೇಬಲ್ ಮೇಲೆ ಇಟ್ಟು ಹೋಗಿದ್ದಾನೆ. ಅದರಲ್ಲಿ ರ್ಯಾಮಿಗೆ ಎರಡೇ ಸ್ಲಾಟು, ಕಾರ್ಡು ಕೂರುವ ಪಿಸಿಐಇ ಸ್ಲಾಟೂ ಹಳೇ, ನಿಧಾನದ 2.0 ಮಾತ್ರ. ಬರೀ ನಾಲ್ಕು ಲೇನ್ (ಡೇಟಾ ಓಡುವ ದಾರಿ) ಬಳಸುವ ಆರ್‌ಎಕ್ಸ್ 6400 ಕಾರ್ಡು ಅದಕ್ಕೆ ಬೇಡ ಅಂತ ಹೇಳಿದ್ದೇನೆ. ಅವನದೇ 1650 ಇಟ್ಟುಕೊಂಡು ಝಿಯಾನ್ ಹಾಕುತ್ತೇವೆ. ಬಯೋಸ್ ಫೈಲು ಪೆನ್‌ಡ್ರೈವ್‌ಗೆ ಇಳಿಸಿ ಆಗಿದೆ.