ಟೈಕೋಡಸ್‌ನ ಒಂಟಿ ಹಲ್ಲನ್ನು ನಾನು ಗುರುತಿಸುವ ಬಗೆ

ಶಾರ್ಕ್‌ಗಳ ಅಸ್ಥಿಪಂಜರ ಮೃದ್ವಸ್ಥಿಯಿಂದಾದದ್ದು. ಅದು ಬೇಗ ಕೊಳೆತುಹೋಗುವುದರಿಂದ, ಡೈನೋಸಾರ್‌ಗಳ ಕೊನೆಯ ಕಾಲವಾದ ಕ್ರಿಟೇಷಿಯಸ್ ಯುಗದ ಸಮುದ್ರಗಳಲ್ಲಿದ್ದ ಟೈಕೋಡಸ್ ಎಂಬ ಶಾರ್ಕ್ ನಮಗೆ ಬಹುಮಟ್ಟಿಗೆ ಹಲ್ಲುಗಳಿಂದಲೇ ಪರಿಚಿತ. ತಮಿಳುನಾಡಿನ ತಿರುಚಿನಾಪಳ್ಳಿ ಸೀಮೆಯ ಕ್ರಿಟೇಷಿಯಸ್ ಸ್ತರಗಳಲ್ಲಿಯೂ ಅವು ದೊರೆಯುತ್ತವೆ. ಪೆರಂಬಲೂರು ಜಿಲ್ಲೆಯ ಕಾರೈ ಗ್ರಾಮದ ಸುತ್ತ ಜಿಪ್ಸಮ್ ಎಳೆಗಳು ಹಾದುಹೋದ, ಮಳೆನೀರು ಕೊರೆದ ಜೇಡಿಮಣ್ಣಿನ ದಿಣ್ಣೆಗಳಿವೆ. ಭೂವಿಜ್ಞಾನದ ಕ್ಷೇತ್ರಕಾರ್ಯಕ್ಕೆ ಹೋದಾಗಲೆಲ್ಲ ನಾನು ಅಲ್ಲಿ ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿಯೇ ಹುಡುಕುತ್ತೇನೆ. ಸ್ಕ್ವಿಡ್‌ನಂಥ ಅಳಿದುಹೋದ ಕಡಲಜೀವಿಗಳಾದ ಬೆಲೆಮ್ನೈಟ್‌ಗಳ ಮಂಕಾದ ತುಂಡುಗಳ ನಡುವೆ ಹಲ್ಲಿನ ಹೊಳಪು ಆಗ ಎದ್ದು ಕಾಣುತ್ತದೆ.

ಹಲ್ಲಿಗೆ ಅಂಟಿದ ಜೇಡಿಯನ್ನು ಚೆನ್ನಾಗಿ ಒಣಗಿಸಿ, ಆಮೇಲೆ ನೀರಿನಲ್ಲಿ ನೆನೆಸಿದರೆ ಅದು ತಾನಾಗಿಯೇ ಕಳಚಿಕೊಳ್ಳುತ್ತದೆ. ಸುಣ್ಣಕಲ್ಲಿನ ಪರೀಕ್ಷೆಗೆಂದು ಜೊತೆಗೊಯ್ಯುವ ಹೈಡ್ರೋಕ್ಲೋರಿಕ್ ಆಮ್ಲವನ್ನು ಮಾತ್ರ ಹತ್ತಿರವೂ ತರಬಾರದು, ಏಕೆಂದರೆ ಕ್ಯಾಲ್ಸಿಯಂ ಫಾಸ್ಫೇಟ್‌ನಿಂದಾದ ಹಲ್ಲೂ ಅದರಲ್ಲಿ ಕರಗುತ್ತದೆ. ಬಿರುಕುಗಳಿದ್ದರೆ ಅಸಿಟೋನ್‌ನಲ್ಲಿ ತೆಳುವಾಗಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಅಂಟುರಾಳವನ್ನು ಕುಂಚದಿಂದ ಸವರುತ್ತೇನೆ.

ಅನಂತರದ ಕೆಲಸವೇ ನನಗೆ ಅತ್ಯಂತ ಮುಖ್ಯವೆನಿಸುವುದು. ಹೆಚ್ಚಿನವರು ಮೇಲ್ಮೈಯ ಅಡ್ಡ ಏಣುಗಳನ್ನು ಎಣಿಸಿ ಪ್ರಭೇದದ ಹೆಸರು ಹೇಳಲು ತೊಡಗುತ್ತಾರೆ. ಆದರೆ ಒಂದೇ ಮೀನಿನ ಬಾಯಲ್ಲಿ ನೂರಾರು ಹಲ್ಲುಗಳು ಒತ್ತಾಗಿ ಜೋಡಿಕೊಂಡು ಅರೆಯುವ ಹಾಸಾಗಿದ್ದವು. ಸಾಲಿನಿಂದ ಸಾಲಿಗೆ ಅವುಗಳ ಗಾತ್ರವೂ ಆಕಾರವೂ ಬೇರೆ. ಆದ್ದರಿಂದ ಮೊದಲು ನಾನು ಹಲ್ಲಿನ ಎಡಬಲಗಳನ್ನು ಹೋಲಿಸುತ್ತೇನೆ. ಎರಡೂ ಸಮವಾಗಿದ್ದು ಹಲ್ಲು ದೊಡ್ಡದಾಗಿದ್ದರೆ ಅದು ಕೆಳದವಡೆಯ ನಡುಸಾಲಿನದು. ಸಮವಾಗಿದ್ದೂ ಚಿಕ್ಕದಾಗಿದ್ದರೆ ಮೇಲ್ದವಡೆಯ ನಡುಸಾಲಿನದಾಗಿರುವ ಸಾಧ್ಯತೆ ಹೆಚ್ಚು. ಒಂದು ಬದಿಗೆ ಓರೆಯಾಗಿದ್ದರೆ ಪಕ್ಕದ ಸಾಲುಗಳದು. ಬಳಿಕ ಲೆನ್ಸ್ ಹಿಡಿದು ಏಣುಗಳು ಎಲ್ಲಿ ಮುಗಿಯುತ್ತವೆಂದು ನೋಡುತ್ತೇನೆ. ಟೈಕೋಡಸ್ ಡಿಕರೆನ್ಸ್‌ನಲ್ಲಿ ಹಲ್ಲಿನ ಮೇಲ್ಭಾಗ ತಗ್ಗಾಗಿದ್ದು, ಏಣುಗಳು ಅಂಚಿನತ್ತ ಹರಿಯುತ್ತಾ ಸಣ್ಣದಾಗಿ ಕವಲೊಡೆಯುತ್ತವೆ. ಟೈಕೋಡಸ್ ಮ್ಯಾಮಿಲ್ಲಾರಿಸ್‌ನಲ್ಲಾದರೆ ನಡುಭಾಗ ಗುಮ್ಮಟದಂತೆ ಎದ್ದಿರುತ್ತದೆ. ಏಣುಗಳ ತುದಿ ಸವೆದು ನುಣುಪಾಗಿದ್ದರೆ ಅದನ್ನೂ ದಾಖಲಿಸುತ್ತೇನೆ, ಏಕೆಂದರೆ ಚಿಪ್ಪು ಪುಡಿಮಾಡಿ ತಿಂದುದರ ಗುರುತು ಅದಾಗಿರಬಹುದು.

ಹಲ್ಲುಗಳು ತಿಳಿಸದ ದೇಹರಚನೆಯನ್ನು ಮೆಕ್ಸಿಕೋದ ವ್ಯಾಯೆಸಿಯೋದಲ್ಲಿ ಸಿಕ್ಕ ಪೂರ್ಣ ಪಳೆಯುಳಿಕೆಗಳು ತೋರಿಸಿಕೊಟ್ಟವು. 2024ರಲ್ಲಿ ಪ್ರಕಟವಾದ ಅವುಗಳ ಅಧ್ಯಯನದ ಪ್ರಕಾರ, ತಳದಲ್ಲಿ ತೆವಳುವ ಮೀನೆಂದು ಬಹುಕಾಲ ಊಹಿಸಲಾಗಿದ್ದ ಟೈಕೋಡಸ್ ವೇಗವಾಗಿ ಈಜುವ ಮ್ಯಾಕರೆಲ್ ಶಾರ್ಕ್‌ಗಳ ಗಣಕ್ಕೆ ಸೇರಿದ್ದು. ಹಾಗಾಗಿ ಅದು ಸುರುಳಿ ಚಿಪ್ಪಿನ ಕಡಲಜೀವಿಗಳಾದ ಅಮೋನೈಟ್‌ಗಳನ್ನೂ ಕಡಲಾಮೆಗಳನ್ನೂ ಬೇಟೆಯಾಡಿರಬಹುದು. ಅಮೋನೈಟ್‌ಗಳು ಕಾರೈಯಲ್ಲಿಯೂ ಹೇರಳವಾಗಿರುವುದರಿಂದ, ಹಲ್ಲು ಸಿಕ್ಕ ಪದರದಲ್ಲಿ ಇನ್ನಾವ ಚಿಪ್ಪುಗಳಿದ್ದವೆಂಬುದನ್ನು ಈಗ ಚೀಟಿಯಲ್ಲಿ ತಪ್ಪದೆ ಬರೆದಿಡುತ್ತೇನೆ.