ಕಾಯಿಪಲ್ಯೆ ಕಸದಿಂದ ಕರೆಂಟು: ಒಂದು ಬಕೆಟ್ಟಿನ ಸೂಕ್ಷ್ಮಜೀವಿ ಕೋಶ

ಕಲಬುರಗಿಯ ಕಣ್ಣಿ ಮಾರ್ಕೆಟ್ಟಿನಲ್ಲಿ ಸಂಜೆ ಹೊತ್ತಿಗೆ ಕೊಳೆತ ಟೊಮೆಟೊ, ಕೋಸಿನ ಎಲೆ, ಸೊಪ್ಪಿನ ಕಡ್ಡಿ ಬೇಕಾದಷ್ಟು ಬಿದ್ದಿರುತ್ತವೆ. ಕೊಳೆತದ್ದನ್ನು ತಿನ್ನುವ ಸೂಕ್ಷ್ಮಜೀವಿಗಳಿಂದ ಕರೆಂಟು ಪಡೆಯುವ ನಮ್ಮ ಕೋಶಕ್ಕೆ 200 ಗ್ರಾಂ ಸಾಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ನಿಂಬೆ ಸಿಪ್ಪೆ ಬೇಡ. ಸೂಕ್ಷ್ಮಜೀವಿಗಳಿಗೆ ಅವು ಆಗಿಬರುವುದಿಲ್ಲ.

ಬೇಕಾದ ಸಾಮಾನು: 5 ಲೀಟರಿನ ಪ್ಲಾಸ್ಟಿಕ್ ಬಕೆಟ್, 10 ಸೆಂ.ಮೀ. ಚೌಕದ ಎರಡು ಕಾರ್ಬನ್ ಫೆಲ್ಟ್ (ಇಂಗಾಲದ ಎಳೆಗಳ ದಪ್ಪ ಬಟ್ಟೆ) ತುಂಡು, ಸ್ಟೇನ್‌ಲೆಸ್ ಸ್ಟೀಲ್ ತಂತಿ, 1000 ಓಮ್ ರೆಸಿಸ್ಟರ್, ಮಲ್ಟಿಮೀಟರ್. ತಾಮ್ರ, ಸತು, ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಒಳಗೆ ಹೋಗಲೇಬಾರದು. ಅವು ಸವೆದು ತಾವೇ ಕರೆಂಟು ಕೊಡುತ್ತವೆ. ಯೂಟ್ಯೂಬಿನಲ್ಲಿ ಕಾಣುವ ಎಷ್ಟೋ ಪ್ರಯೋಗ ಇಂಥ ನಿಂಬೆಹಣ್ಣಿನ ಬ್ಯಾಟರಿಯೇ.

ಕೆರೆ ಇಲ್ಲವೇ ಹಳ್ಳದ ಅಂಚಿನಿಂದ ನಾರುವ ಕಪ್ಪು ಕೆಸರು ತನ್ನಿ. ಎಲೆಕ್ಟ್ರಾನ್ ಹೊರಬಿಡುವ ಜಿಯೋಬ್ಯಾಕ್ಟರ್‌ನಂಥ ಜೀವಿಗಳು ಇರುವುದು ಅಲ್ಲೇ. ಹೊಲದ ಒಣ ಎರೆಮಣ್ಣು ಕಪ್ಪಗಿದ್ದರೂ ಉಪಯೋಗವಿಲ್ಲ. 2 ಕಿಲೋ ಕೆಸರಿಗೆ ರುಬ್ಬಿದ ಕಸವನ್ನೂ ಒಂದು ಹಿಡಿ ಹಸಿ ಹೆಂಡಿಯನ್ನೂ ಕಲಸಿ. ಬಕೆಟ್ಟಿನಲ್ಲಿ 3 ಸೆಂ.ಮೀ. ಹರಡಿ, ಸ್ಟೀಲ್ ತಂತಿ ಪೋಣಿಸಿದ ಒಂದು ಫೆಲ್ಟ್ ಇಡಿ, ಗಾಳಿಗುಳ್ಳೆ ಉಳಿಯದಂತೆ ಒತ್ತಿ, ಉಳಿದ ಕೆಸರು ಮುಚ್ಚಿ. ಮೇಲೆ ನಾಲ್ಕು ಬೆರಳು ನೀರು. ಎರಡನೇ ಫೆಲ್ಟ್ ತನ್ನ ತಂತಿಯೊಡನೆ ಥರ್ಮಾಕೋಲಿನ ಆಸರೆಯಲ್ಲಿ ತೇಲಬೇಕು: ಕೆಳಮೈ ನೀರಿಗೆ, ಮೇಲ್ಮೈ ಗಾಳಿಗೆ. ಕೆಳಗಿನ ತಂತಿ ನೀರಿನಲ್ಲಿ ಹಾಯುವಷ್ಟು ಭಾಗಕ್ಕೆ ಪ್ಲಾಸ್ಟಿಕ್ ನಳಿಗೆ ತೊಡಿಸಿ, ತುದಿಗೆ ಎಂ-ಸೀಲ್ ಮೆತ್ತಿ. ಕೆಸರಿನ ಜೀವಿಗಳು ಕೊಳೆತದ್ದನ್ನು ತಿಂದು ಎಲೆಕ್ಟ್ರಾನನ್ನು ಕೆಳಗಿನ ಫೆಲ್ಟಿಗೆ ಬಿಡುತ್ತವೆ. ಅದು ತಂತಿಯಲ್ಲಿ ಹರಿದು ಮೇಲಿನ ಫೆಲ್ಟಿಗೆ ಬರುತ್ತದೆ, ಈ ಹರಿವೇ ಕರೆಂಟು. ಅಲ್ಲಿ ಅದನ್ನು ತೆಗೆದುಕೊಳ್ಳುವುದು ಗಾಳಿಯ ಆಮ್ಲಜನಕ.

ರೆಸಿಸ್ಟರನ್ನು ಮೊದಲ ದಿನದಿಂದಲೇ ಎರಡು ತಂತಿಗಳ ನಡುವೆ ಜೋಡಿಸಿಡಿ. ಬಿಚ್ಚಿಟ್ಟರೆ ಮೀಥೇನ್ ಮಾಡುವ ಜೀವಿಗಳು ಮೇಲುಗೈ ಪಡೆದು ಗುಳ್ಳೆ ಏಳುತ್ತದೆ, ಕರೆಂಟು ಇಳಿಯುತ್ತದೆ. ಕೆಳಗಿನ ತಂತಿಗೆ ಮೀಟರಿನ ಕಪ್ಪು ಕಡ್ಡಿ, ಮೇಲಿನದಕ್ಕೆ ಕೆಂಪು. ಒಂದರಿಂದ ಮೂರು ವಾರದಲ್ಲಿ ಮೀಟರಿನ ರೀಡಿಂಗ್ ನಿಧಾನವಾಗಿ ಏರಬೇಕು. 0.4 ವೋಲ್ಟ್ ಕಂಡರೆ ಕೈಗೆ ಸಿಕ್ಕಿದ್ದು 0.16 ಮಿಲಿವ್ಯಾಟ್. ಮೊಬೈಲ್ ಚಾರ್ಜಿನ ಮಾತು ಬಿಡಿ. ಕಿಲೋಗಟ್ಟಲೆ ಕಸವಿದ್ದವರಿಗೆ ಗೋಬರ್ ಗ್ಯಾಸೇ ಲೇಸು.

ರೀಡಿಂಗ್ ಬಿದ್ದರೆ ಮೊದಲು ಮೇಲಿನ ನೀರು ನೋಡಿ. ಕದಡಿ ಹುಳಿ ವಾಸನೆ ಬಂದಿದ್ದರೆ ಕಸದ ರಸ ಮೇಲೆ ಸೇರಿ ಆಮ್ಲಜನಕ ತಿಂದಿದೆ. ನೀರು ಬದಲಿಸಿ, ಕೆಸರಿಗೆ ಚಿಟಿಕೆ ಅಡುಗೆ ಸೋಡಾ ನೀರಿನಲ್ಲಿ ಕರಗಿಸಿ ಹಾಕಿ. ಮುಂದೆ ವಾರಕ್ಕೆ 50 ಮಿಲಿ ಸೋಸಿದ ರಸವನ್ನು ಸಿರಿಂಜಿನಿಂದ ಕೆಸರಿನೊಳಗೇ ಬಿಡಿ.

ಕೆಂಪು ಎಲ್‌ಇಡಿಗೆ ಸುಮಾರು 1.8 ವೋಲ್ಟ್ ಬೇಕು. ಐದು ಬಕೆಟ್ಟುಗಳನ್ನು ನೇರ ಸಾಲಾಗಿ ಜೋಡಿಸಿದರೆ ದುರ್ಬಲವಾದದ್ದರ ಪ್ಲಸ್-ಮೈನಸ್ ತಿರುವುಮುರುವಾಗಿ ಉಳಿದವನ್ನೂ ಕೆಳಗೆಳೆಯುತ್ತದೆ. ಅದಕ್ಕೇ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಐದು ಸೂಪರ್‌ಕೆಪಾಸಿಟರನ್ನು ಬೇರೆಬೇರೆ ತುಂಬಿಸಿ, ಅವನ್ನು ಸಾಲಾಗಿ ಕೂಡಿಸಿ 100 ಓಮ್ ಮೂಲಕ ಎಲ್‌ಇಡಿಗೆ ಕೊಡಿ. ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವ ಊರಿದು: ಬಕೆಟ್ ನೆರಳಿನಲ್ಲಿರಲಿ, ಹಸಿ ಗೋಣಿಚೀಲ ಸುತ್ತಿ, ಇಂಗಿದ ನೀರನ್ನು ದಿನಾ ತುಂಬಿಸಿ.