ನುಡಿ, ಬರಹ ತಂತ್ರಾಂಶ ಬಳಸುವವರು ಲಿನಕ್ಸ್‌ಗೆ ಬರುವುದು ಹೇಗೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಎಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದೋ ಆಮೇಲಿನದೋ ಆಗಿರಬೇಕು. ಇನ್ನೂ ಗಟ್ಟಿಮುಟ್ಟಾಗಿರುವ ಲ್ಯಾಪ್‌ಟಾಪನ್ನು ಇದೊಂದೇ ಕಾರಣಕ್ಕೆ ಗುಜರಿಗೆ ಹಾಕಬೇಕಿಲ್ಲ. ವಿಂಡೋಸ್‌ನಂತೆಯೇ ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆ ಲಿನಕ್ಸ್; ಅದರ ಒಂದು ಬಗೆ ಲಿನಕ್ಸ್ ಮಿಂಟ್. 4 ಜಿಬಿ ರ್‍ಯಾಮ್ ಇದ್ದರೆ ಅದು ಆರಾಮಾಗಿ ಓಡುತ್ತದೆ. ದುಡ್ಡು ಕೊಡಬೇಕಿಲ್ಲ. ಎಡಗಡೆ ಕೆಳಗೆ ಮೆನು, ಬಲಗಡೆ ಗಡಿಯಾರ. ವಿಂಡೋಸ್ ಬಳಸಿದ ಕೈಗೆ ಹೊಸದು ಅನ್ನಿಸುವುದಿಲ್ಲ.

ಹಿರಿಯರು ಒದ್ದಾಡುವುದು ಲಿನಕ್ಸ್ ಹಾಕುವಾಗ ಅಲ್ಲ, ಹಳೇ ಕನ್ನಡ ಫೈಲ್‌ಗಳನ್ನು ತೆರೆದಾಗ. ಆದ್ದರಿಂದ ಕೆಲಸ ಅಲ್ಲಿಂದಲೇ ಶುರುವಾಗಲಿ.

ಮೊದಲು ಫೈಲ್‌ಗಳು

ನುಡಿ ಅಥವಾ ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಪತ್ರ, ಕವನ, ಸಂಘದ ವರದಿಗಳು ಇವೆಯಾ? ಅವು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ, ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ವಿಂಡೋಸ್ ಇನ್ನೂ ಇರುವಾಗಲೇ ಅವನ್ನೆಲ್ಲ ಯೂನಿಕೋಡ್‌ಗೆ ಬದಲಿಸಿ. ನುಡಿ, ಬರಹ ಎರಡರಲ್ಲೂ ಅದಕ್ಕೆ ಸೌಲಭ್ಯವಿದೆ. ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದಿವೆಯೇ ಎಂದು ಒಂದೆರಡು ಪುಟ ಓದಿ ನೋಡಿ. ಆಮೇಲೆ ಫೋಟೋ, ದಾಖಲೆ ಎಲ್ಲವನ್ನೂ ಬೇರೆ ಹಾರ್ಡ್ ಡಿಸ್ಕಿಗೆ ನಕಲು ಮಾಡಿ.

ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ಇಲ್ಲೇ ನಿಲ್ಲಿ. ಅದು ವಿಂಡೋಸ್‌ಗೆ ಮಾಡಿದ ತಂತ್ರಾಂಶ. ನಿಮಗೆ ವಿಂಡೋಸನ್ನೂ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವುದೇ ವಾಸಿ.

ಹಾಕದೆಯೇ ನೋಡುವುದು

8 ಜಿಬಿ ಪೆನ್‌ಡ್ರೈವ್ ತೆಗೆದುಕೊಳ್ಳಿ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಮಿಂಟ್‌ನ ಐಎಸ್ಒ ಫೈಲ್ (ಇಡೀ ಮಿಂಟ್ ಅಡಗಿರುವ ಒಂದೇ ಫೈಲ್) ಇಳಿಸಿಕೊಂಡು, ರೂಫಸ್ ಎಂಬ ಪುಟ್ಟ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಸುಮ್ನೆ ಕಾಪಿ ಮಾಡಿದರೆ ನಡೆಯುವುದಿಲ್ಲ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತುತ್ತಾ ಇರಿ. ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ.

ಈಗ ಮಿಂಟ್ ಓಡುತ್ತಿರುವುದು ಪೆನ್‌ಡ್ರೈವ್‌ನಿಂದ. ನಿಮ್ಮ ವಿಂಡೋಸ್ ಇದ್ದಲ್ಲೇ ಇದೆ. ವೈಫೈ ಸಿಗುತ್ತದೆಯೇ, ಯೂಟ್ಯೂಬ್‌ನಲ್ಲಿ ಸದ್ದು ಬರುತ್ತದೆಯೇ, ಪ್ರಿಂಟರ್ ಒಂದು ಪುಟ ಕೊಡುತ್ತದೆಯೇ ನೋಡಿ. ಸ್ವಲ್ಪ ನಿಧಾನ ಅನ್ನಿಸಬಹುದು, ಪೆನ್‌ಡ್ರೈವ್ ಅಲ್ವಾ. ಎಲ್ಲ ಸರಿ ಇದ್ದರೆ ಮಾತ್ರ ಡೆಸ್ಕ್‌ಟಾಪ್ ಮೇಲಿನ ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ಒತ್ತಿ. ಅಲ್ಲಿ ‘ಇರೇಸ್ ಡಿಸ್ಕ್’ ಎಂಬ ಆಯ್ಕೆ ಬಂದಾಗ ಅವಸರ ಬೇಡ; ಅದನ್ನು ಆರಿಸಿದರೆ ವಿಂಡೋಸ್ ಮತ್ತು ಹಳೇ ಫೈಲ್‌ಗಳೆಲ್ಲ ಹೋಗುತ್ತವೆ. ಎರಡೂ ಇರಲಿ ಎನ್ನುವವರಿಗೆ ‘ಅಲಾಂಗ್‌ಸೈಡ್’ ಆಯ್ಕೆ ಇದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿಕೊಂಡಿದ್ದರೆ ಅದನ್ನು ವಿಂಡೋಸ್‌ನಲ್ಲೇ ಮೊದಲು ತೆಗೆದಿರಬೇಕು.

ಕನ್ನಡ ಟೈಪಿಂಗ್

ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಕನ್ನಡ ಟೈಪ್ ಮಾಡಲು ಬೇಕಾದ ‘ಐಬಸ್-ಎಂ17ಎನ್’ (ibus-m17n) ಹುಡುಕಿ ಹಾಕಿಕೊಳ್ಳಿ. ಮೆನುವಿನಲ್ಲಿ ‘ಇನ್‌ಪುಟ್ ಮೆಥಡ್’ ತೆರೆದು ಐಬಸ್ ಆರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ ಸೇರಿಸಿ. ಇದು ನುಡಿಯ ಕೀಲಿಮಣೆಯೇ: ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರಕ್ಕೆ ನಡುವೆ ‘ಎಫ್’. ಬೆರಳು ಹೊಸದೇನೂ ಕಲಿಯಬೇಕಿಲ್ಲ. ಬರಹದ ರೂಢಿ ಇರುವವರು ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರದಂತೆ ಟೈಪ್ ಮಾಡುವ ‘ಐಟ್ರಾನ್ಸ್’ ಸೇರಿಸಿಕೊಳ್ಳಿ. ಪೂರ್ತಿ ಒಂದೇ ಅಲ್ಲ, ಆದರೆ ಹತ್ತಿರದ್ದು. ಕನ್ನಡ, ಇಂಗ್ಲಿಷ್ ನಡುವೆ ಓಡಾಡಲು ವಿಂಡೋಸ್ ಕೀ ಜೊತೆಗೆ ಸ್ಪೇಸ್ ಒತ್ತಿದರಾಯಿತು. ಹೌದು, ಲಿನಕ್ಸ್‌ನಲ್ಲೂ ಅದೇ ಕೀ!

ಬರೆಯಲು ಲಿಬ್ರೆಆಫೀಸ್, ಇಂಟರ್‌ನೆಟ್‌ಗೆ ಫೈರ್‌ಫಾಕ್ಸ್ ಮೊದಲೇ ಇರುತ್ತವೆ. ಅಕ್ಷರ ಸಣ್ಣದಾಯಿತೇ? ‘ಫಾಂಟ್ ಸೆಲೆಕ್ಷನ್’ ತೆರೆದು ‘ಟೆಕ್ಸ್ಟ್ ಸ್ಕೇಲಿಂಗ್’ ಅನ್ನು 1.0ರಿಂದ 1.3ಕ್ಕೆ ಏರಿಸಿ. ಕನ್ನಡಕ ಹುಡುಕುವ ಕೆಲಸ ಸ್ವಲ್ಪ ಕಡಿಮೆಯಾಗುತ್ತದೆ.